ತಿಂಗಳ ಕೊನೆಯ ಹತ್ತು ದಿನ

ಸಂಬಳ ಬಂದ ದಿನ ಯಾವ ಮನೆಯ ಅಡಿಗೆಯೂ ರುಚಿಯಾಗಿಯೇ ಇರುತ್ತದೆ. ಗೃಹಿಣಿಯ ಜಾಣ್ಮೆಗೆ ನಿಜವಾದ ಪರೀಕ್ಷೆ ಬರುವುದು ಇಪ್ಪತ್ತನೆಯ ತಾರೀಖು ಕಳೆದ ಮೇಲೆ. ಬೇಳೆಯ ಡಬ್ಬಿಯಲ್ಲಿ ತಳ ಕಾಣಿಸುತ್ತದೆ. ಎಣ್ಣೆಯ ಸೀಸೆಯನ್ನು ಬೋರಲು ಹಾಕಿ ಕೊನೆಯ ಹನಿಗಾಗಿ ಕಾಯಬೇಕಾಗುತ್ತದೆ. ದಿನಸಿ ಅಂಗಡಿಯ ಪುಸ್ತಕದಲ್ಲಿ ಮನೆಯ ಲೆಕ್ಕ ಒಂದು ಪುಟ ದಾಟಿ ಇನ್ನೊಂದಕ್ಕೆ ಕಾಲಿಡುತ್ತದೆ. ಸಾರು ದಿನೇ ದಿನೇ ತಿಳಿಯಾಗುತ್ತದೆ.

“ಹಾಸಿಗೆ ಇದ್ದಷ್ಟು ಕಾಲು ಚಾಚು” ಎಂಬುದು ಹಿರಿಯರ ಬುದ್ಧಿವಾದ. ಮಾತು ಸರಿಯೇ. ಆದರೆ ಹಾಸಿಗೆ ಗಿಡ್ಡವಾದಾಗ ಯಾರು ಕಾಲು ಮಡಿಸಿಕೊಳ್ಳಬೇಕೆಂಬುದನ್ನು ಗಾದೆ ಹೇಳುವುದಿಲ್ಲ. ನಮ್ಮ ಬಹುಪಾಲು ಮನೆಗಳಲ್ಲಿ ಆ ಕಾಲು ಮನೆಯೊಡತಿಯದೇ ಆಗಿರುತ್ತದೆ. ಗಂಡನಿಗೆ, ಮಕ್ಕಳಿಗೆ, ಅತ್ತೆಮಾವಂದಿರಿಗೆ ಬಡಿಸಿ ಮಿಕ್ಕುದನ್ನು ಅವಳು ಉಣ್ಣುತ್ತಾಳೆ. ಮಿಗದಿದ್ದರೆ ನೀರುಮಜ್ಜಿಗೆಯಲ್ಲಿ ಒಂದು ಹಿಡಿ ಅನ್ನ ಕಲಸಿಕೊಂಡು “ಹಸಿವಿಲ್ಲ” ಎನ್ನುತ್ತಾಳೆ. ಹೀಗೆ ಉಳಿದ ಹಣವನ್ನು ಉಳಿತಾಯವೆಂದು ಕರೆಯಲು ಬಾರದು. ಅದು ಮೈಯಿಂದ ತೆಗೆದ ಸಾಲ. ಒಂದಲ್ಲ ಒಂದು ದಿನ ಆಸ್ಪತ್ರೆಯ ಬಾಗಿಲಲ್ಲಿ ಬಡ್ಡಿಸಮೇತ ತೀರಿಸಬೇಕಾದದ್ದು.

ಮಿತವ್ಯಯ ಬೇರೆ, ಅರೆಹೊಟ್ಟೆ ಬೇರೆ. ಕಡಿಮೆ ಖರ್ಚಿನಲ್ಲಿ ಮನೆಯ ಎಲ್ಲರೂ ಹೊಟ್ಟೆ ತುಂಬ, ಮೈಗೆ ಹತ್ತುವಂತೆ ಉಣ್ಣುವುದು ಸಾಧ್ಯವೆ? ಬಹುಮಟ್ಟಿಗೆ ಸಾಧ್ಯ. ಅದಕ್ಕೆ ಬೇಕಾದ ವಿದ್ಯೆಯ ಅರ್ಧಪಾಲು ನಮ್ಮ ಅಜ್ಜಿಯರ ಅಡಿಗೆಮನೆಯಲ್ಲಿಯೇ ಇದೆ. ಉಳಿದರ್ಧ ಸರಳವಾದ ಕೂಡುವ ಕಳೆಯುವ ಲೆಕ್ಕ.

ಹಣ ಹೋಗುವ ದಾರಿ

ಜರ್ಮನಿಯ ಅಂಕಿಅಂಶ ತಜ್ಞ ಅರ್ನ್‌ಸ್ಟ್ ಎಂಗೆಲ್ 1857ರಲ್ಲಿಯೇ ಒಂದು ಮಾತನ್ನು ತೋರಿಸಿಕೊಟ್ಟರು: ಸಂಸಾರ ಬಡವಾದಷ್ಟೂ ಅದರ ವರಮಾನದಲ್ಲಿ ಅನ್ನಕ್ಕೆ ಹೋಗುವ ಪಾಲು ದೊಡ್ಡದು. ನಮ್ಮ ದೇಶದಲ್ಲಿ 2022ರ ಆಗಸ್ಟಿನಿಂದ 2023ರ ಜುಲೈವರೆಗೆ ನಡೆದ ಗೃಹಬಳಕೆ ವೆಚ್ಚದ ಸಮೀಕ್ಷೆಯ ಪ್ರಕಾರ ಹಳ್ಳಿಯ ಸಂಸಾರಗಳು ತಮ್ಮ ಒಟ್ಟು ವೆಚ್ಚದಲ್ಲಿ ಶೇಕಡಾ 46ರಷ್ಟನ್ನೂ ಪಟ್ಟಣದ ಸಂಸಾರಗಳು ಶೇಕಡಾ 39ರಷ್ಟನ್ನೂ ಆಹಾರಕ್ಕೆ ವ್ಯಯಿಸುತ್ತಿದ್ದವು. ಇದು ಎಲ್ಲರನ್ನೂ ಸೇರಿಸಿದ ಸರಾಸರಿ. ಕೂಲಿಯವರ ಮನೆಯಲ್ಲಿ ಪಾಲು ಇನ್ನೂ ಹೆಚ್ಚು.

ಅದೇ ಸಮೀಕ್ಷೆಯಲ್ಲಿ ಇನ್ನೊಂದು ಸಂಗತಿಯಿದೆ; ಗೃಹಿಣಿಯರು ಗಮನಿಸಬೇಕಾದದ್ದು. ಪಟ್ಟಣಗಳಲ್ಲಿ ಅಕ್ಕಿ, ರಾಗಿ, ಗೋಧಿ ಮುಂತಾದ ಧಾನ್ಯಗಳಿಗೆಲ್ಲ ಸೇರಿ ಆದ ವೆಚ್ಚ ನೂರಕ್ಕೆ ನಾಲ್ಕು ರೂಪಾಯಿಗೂ ಕಡಿಮೆ. ಪಾನೀಯ, ಕುರುಕಲು, ಹೊರಗಿನಿಂದ ತಂದ ಸಿದ್ಧ ತಿನಿಸುಗಳಿಗೆ ಆದ ವೆಚ್ಚ ಹತ್ತು ರೂಪಾಯಿಗೂ ಹೆಚ್ಚು. ಹಳ್ಳಿಗಳಲ್ಲಿಯೂ ಈ ಎರಡು ಬಾಬುಗಳು ಸುಮಾರು ಐದಕ್ಕೆ ಒಂಬತ್ತೂವರೆ. ಪಡಿತರದ ಧಾನ್ಯ ಬಿಟ್ಟಿಯಾಗಿ ಬರುವುದರಿಂದ ಧಾನ್ಯದ ಬಾಬು ಕುಗ್ಗಿದೆ ಎಂಬುದು ನಿಜ. ಹಾಗಿದ್ದರೂ ಉಳಿದ ಹಣ ಬೇಳೆಕಾಳಿಗೆ ಹೋಗದೆ ಬಣ್ಣದ ಪೊಟ್ಟಣಗಳಿಗೆ ಹೋಗುತ್ತಿರುವುದು ಯೋಚಿಸಬೇಕಾದ ವಿಷಯ. ಮಗು ಅತ್ತಾಗ ಕೊಡಿಸಿದ ಐದು ರೂಪಾಯಿಯ ಪೊಟ್ಟಣ ಯಾರ ಲೆಕ್ಕಕ್ಕೂ ಸಿಕ್ಕುವುದಿಲ್ಲ. ದಿನಕ್ಕೆ ಎರಡು ಪೊಟ್ಟಣವಾದರೆ ತಿಂಗಳಿಗೆ ಮುನ್ನೂರು ರೂಪಾಯಿ. ಆ ಹಣಕ್ಕೆ ಎರಡು ಮೂರು ಕೆ.ಜಿ. ಕಾಳು ಬರುತ್ತದೆ.

ತೂಕದ ಬೆಲೆಯೂ ಬಲದ ಬೆಲೆಯೂ

ಅಂಗಡಿಯಲ್ಲಿ ನಾವು ಕೇಳುವುದು “ಕೆ.ಜಿ.ಗೆ ಎಷ್ಟು?” ಎಂದು. ಕೇಳಬೇಕಾದದ್ದು “ಮೈಗೆ ಸೇರುವ ಬಲಕ್ಕೆ ಎಷ್ಟು?” ಎಂದು. ಮಾಂಸಖಂಡ, ರಕ್ತ, ಮಕ್ಕಳ ಬೆಳವಣಿಗೆ ಇವುಗಳಿಗೆಲ್ಲ ಬೇಕಾದದ್ದು ಸಸಾರಜನಕ, ಅಂದರೆ ಪ್ರೋಟೀನು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಹೊರತಂದ ಆಹಾರ ಕೋಷ್ಟಕಗಳ ಪ್ರಕಾರ ನೂರು ಗ್ರಾಂ ಹುರುಳಿಯಲ್ಲಿ ಸುಮಾರು 22 ಗ್ರಾಂ, ತೊಗರಿಬೇಳೆಯಲ್ಲಿಯೂ ಅಷ್ಟೆ, ಕಡಲೆಕಾಯಿ ಬೀಜದಲ್ಲಿ ಸುಮಾರು 24 ಗ್ರಾಂ ಸಸಾರಜನಕವಿದೆ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ. ಒಂದು ಲೀಟರು ಹಾಲಿನಲ್ಲಿ ಸುಮಾರು 32 ಗ್ರಾಂ.

ಲೆಕ್ಕಕ್ಕಾಗಿ ಹುರುಳಿ ಕೆ.ಜಿ.ಗೆ 90 ರೂಪಾಯಿ, ತೊಗರಿಬೇಳೆ 140, ಕಡಲೆಕಾಯಿ ಬೀಜ 130, ಮೊಟ್ಟೆಯೊಂದಕ್ಕೆ 7, ಹಾಲು ಲೀಟರಿಗೆ 50 ಎಂದಿಟ್ಟುಕೊಳ್ಳೋಣ. ಆಗ ಹತ್ತು ಗ್ರಾಂ ಸಸಾರಜನಕಕ್ಕೆ ಹುರುಳಿಯಲ್ಲಿ ನಾಲ್ಕು ರೂಪಾಯಿಯಷ್ಟು, ಕಡಲೆಕಾಯಿಯಲ್ಲಿ ಐದೂವರೆ, ತೊಗರಿಬೇಳೆಯಲ್ಲಿ ಆರೂವರೆ, ಮೊಟ್ಟೆಯಲ್ಲಿ ಹನ್ನೆರಡರ ಸಮೀಪ, ಹಾಲಿನಲ್ಲಿ ಹದಿನೈದೂವರೆ ಬೀಳುತ್ತದೆ. ಹತ್ತು ರೂಪಾಯಿಗೆ 70 ಗ್ರಾಂ ತೂಗುವ ಬಿಸ್ಕತ್ತಿನಲ್ಲಿ ಸಸಾರಜನಕ ನಾಲ್ಕೈದು ಗ್ರಾಂ ಮಾತ್ರ. ಆದ್ದರಿಂದ ಅಲ್ಲಿ ಅದೇ ಬಲಕ್ಕೆ ಇಪ್ಪತ್ತು ರೂಪಾಯಿಗೆ ಕಡಿಮೆಯಿಲ್ಲ. ನಿಮ್ಮೂರಿನ ಬೆಲೆ ಬೇರೆಯಿದ್ದರೆ ಅದನ್ನೇ ಹಾಕಿ ನೋಡಿರಿ. ಲೆಕ್ಕದ ಕ್ರಮ ಒಂದೇ.

ಹಾಲು, ಮೊಟ್ಟೆ ಬೇಡವೆಂದು ಇದರ ಅರ್ಥವಲ್ಲ. ಅವುಗಳ ಸಸಾರಜನಕ ಮೇಲುತರಗತಿಯದು. ಬಿ-12 ಎಂಬ ಜೀವಸತ್ವ ಕಾಳುಗಳಲ್ಲಿ ಇಲ್ಲ, ಹಾಲು ಮೊಟ್ಟೆಗಳಲ್ಲಿ ಇದೆ. ಹಣ ಕಡಿಮೆಯಿದ್ದಾಗ ಅವನ್ನು ಬೆಳೆಯುವ ಮಕ್ಕಳಿಗೂ ಬಸುರಿ ಬಾಣಂತಿಯರಿಗೂ ಮೊದಲು ಮೀಸಲಿಟ್ಟು, ದೊಡ್ಡವರ ಬಲದ ಹೊರೆಯನ್ನು ಕಾಳುಗಳ ಮೇಲೆ ಹಾಕುವುದು ಜಾಣತನ. ಕರಾವಳಿಯವರಿಗೆ ಹಂಗಾಮಿನಲ್ಲಿ ಅಗ್ಗವಾಗುವ ಬೂತಾಯಿ ಮೀನು ಈ ಕೆಲಸವನ್ನೇ ಮಾಡುತ್ತದೆ. ಎತ್ತಿಗೆ ಹಾಕುವ ಕಾಳೆಂದು ಕೆಲವರು ಮೂಗುಮುರಿಯುವ ಹುರುಳಿ ಮನುಷ್ಯನಿಗೂ ಅಷ್ಟೇ ಬಲ ಕೊಡುತ್ತದೆಂಬುದನ್ನು ಮರೆಯಬಾರದು.

ಐವರ ಸಂಸಾರದ ಲೆಕ್ಕ

ಒಂದು ಸಂಸಾರವನ್ನು ಉದಾಹರಣೆಗೆ ತೆಗೆದುಕೊಳ್ಳೋಣ: ಗಂಡ, ಹೆಂಡತಿ, ಅತ್ತೆ, ಹನ್ನೆರಡು ವರ್ಷದ ಮಗ, ಎಂಟು ವರ್ಷದ ಮಗಳು. 2020ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಪ್ರಕಟಿಸಿದ ಪ್ರಮಾಣದಂತೆ ದಿನಕ್ಕೆ ಗಂಡಸಿಗೆ 54 ಗ್ರಾಂ, ಹೆಂಗಸಿಗೆ 46 ಗ್ರಾಂ ಸಸಾರಜನಕ ಬೇಕು. ಈ ವಯಸ್ಸಿನ ಹುಡುಗನಿಗೆ 32, ಹುಡುಗಿಗೆ 23. ಎಲ್ಲ ಕೂಡಿಸಿದರೆ ಮನೆಗೆ ದಿನಕ್ಕೆ ಸುಮಾರು 200 ಗ್ರಾಂ.

ಈ ಮನೆಯವರು ದಿನಕ್ಕೆ ಒಂದು ಕೆ.ಜಿ. ಆರುನೂರು ಗ್ರಾಂ ಅಕ್ಕಿಯನ್ನು ನೂರು ಗ್ರಾಂ ಬೇಳೆಯ ತಿಳಿಸಾರಿನೊಡನೆ ಉಂಡರೆ ಹೊಟ್ಟೆಯೇನೋ ತುಂಬುತ್ತದೆ. ಆದರೆ ಸಸಾರಜನಕ 150 ಗ್ರಾಮಿಗೆ ನಿಲ್ಲುತ್ತದೆ. ಕಾಲುಭಾಗ ಕೊರತೆ! ಅದನ್ನೇ ಹೀಗೆ ಬದಲಿಸಿರಿ: ಅಕ್ಕಿ 900 ಗ್ರಾಂ, ರಾಗಿ 700 ಗ್ರಾಂ, ಬೇಳೆ ಮತ್ತು ಕಾಳು ಸೇರಿ 350 ಗ್ರಾಂ, ಕಡಲೆಕಾಯಿ ಬೀಜ 50 ಗ್ರಾಂ, ಹಾಲು ಅರ್ಧ ಲೀಟರು. ಆಗ 225 ಗ್ರಾಂ ದೊರೆಯುತ್ತದೆ. ಧಾನ್ಯದ ಸಸಾರಜನಕವೆಲ್ಲ ಪೂರ್ತಿಯಾಗಿ ಮೈಗೂಡುವುದಿಲ್ಲವಾದ್ದರಿಂದ ಸ್ವಲ್ಪ ಹೆಚ್ಚಿರುವುದೇ ಒಳ್ಳೆಯದು. ಇಷ್ಟೇ ಅಲ್ಲ, ಅಕ್ಕಿರಾಗಿಗಳಲ್ಲಿ ಕೊರತೆಯಾದದ್ದನ್ನು ಕಾಳು ತುಂಬುತ್ತದೆ, ಕಾಳಿನಲ್ಲಿ ಕೊರತೆಯಾದದ್ದನ್ನು ಧಾನ್ಯ ತುಂಬುತ್ತದೆ. ಮುದ್ದೆಗೆ ಹುರುಳಿಸಾರು, ರೊಟ್ಟಿಗೆ ಮಡಿಕೆಕಾಳಿನ ಪಲ್ಯ ಎಂದು ಜೋಡಿಸಿದ ನಮ್ಮ ಹಿರಿಯರು ಯಾವ ಪ್ರಯೋಗಶಾಲೆಯನ್ನೂ ಕಂಡವರಲ್ಲ; ಆದರೆ ಜೋಡಿ ಸರಿಯಾಗಿಯೇ ಇದೆ.

ತಿಂಗಳಿಗೆ ಕಟ್ಟಿದರೆ ಅಕ್ಕಿ 27 ಕೆ.ಜಿ., ರಾಗಿ 21 ಕೆ.ಜಿ., ಬೇಳೆಕಾಳು ಹತ್ತೂವರೆ ಕೆ.ಜಿ., ಕಡಲೆಕಾಯಿ ಬೀಜ ಒಂದೂವರೆ ಕೆ.ಜಿ., ಹಾಲು 15 ಲೀಟರು. ಸಂಬಳದ ದಿನ ಮೊದಲು ಕೊಳ್ಳಬೇಕಾದದ್ದು ಆ ಹತ್ತೂವರೆ ಕೆ.ಜಿ. ಕಾಳನ್ನು. ಅದನ್ನು ಮೂರು ಡಬ್ಬಿಗಳಲ್ಲಿ ಸಮನಾಗಿ ಹಾಕಿ, ಹತ್ತು ಹತ್ತು ದಿನಕ್ಕೆ ಒಂದರಂತೆ ತೆರೆಯಿರಿ. ಮೂರನೆಯ ಡಬ್ಬಿಯನ್ನು ಇಪ್ಪತ್ತನೆಯ ತಾರೀಖಿಗೆ ಮೊದಲು ಮುಟ್ಟಕೂಡದು. ಕೊನೆಯ ಹತ್ತು ದಿನ ಸಾರು ತೆಳ್ಳಗಾಗದಂತೆ ಕಾಯುವ ಬೀಗ ಇದೊಂದೇ.

ಎಣ್ಣೆಯಲ್ಲಿ ಮಾತ್ರ ಕೈ ಹಿಡಿಯಬಹುದು. ಪೋಷಣಾ ತಜ್ಞರ ಎಣಿಕೆಯಲ್ಲಿ ತಲೆಗೆ ದಿನಕ್ಕೆ 27 ಗ್ರಾಂ ಸಾಕು. ಐವರಿಗೆ ತಿಂಗಳಿಗೆ ನಾಲ್ಕು ಕೆ.ಜಿ. ಮೀರಬೇಕಾಗಿಲ್ಲ. ಬಜ್ಜಿ ಬೋಂಡಗಳನ್ನು ಹಬ್ಬಕ್ಕೆ ಬಿಟ್ಟರೆ ಎಣ್ಣೆಯ ಹಣ ಕಾಳಿಗೆ ಒದಗುತ್ತದೆ.

ನರೆದಲಗನ ಗೆಲವು

ಕನಕದಾಸರ ‘ರಾಮಧಾನ್ಯ ಚರಿತ್ರೆ’ಯಲ್ಲಿ ಅಕ್ಕಿಗೂ ರಾಗಿಗೂ ಯಾರು ಹೆಚ್ಚೆಂಬ ವಾದ ನಡೆದು, ಶ್ರೀರಾಮನ ಮುಂದೆ ರಾಗಿ ಗೆಲ್ಲುವ ಕಥೆ ಕನ್ನಡಿಗರಿಗೆಲ್ಲ ಗೊತ್ತು. ಇಂದಿನ ವಿಜ್ಞಾನ ಆ ತೀರ್ಪನ್ನು ಎತ್ತಿಹಿಡಿಯುತ್ತದೆ. ನೂರು ಗ್ರಾಂ ರಾಗಿಯಲ್ಲಿ ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ, ಸುಮಾರು 360 ಮಿಲಿಗ್ರಾಂ. ಪಾಲಿಷ್ ಮಾಡಿದ ಅಕ್ಕಿಯಲ್ಲಿ ಹತ್ತು ಮಿಲಿಗ್ರಾಮೂ ಇಲ್ಲ. ಹಾಲಿಗೆ ಹೆಚ್ಚು ಹಣ ಹಾಕಲಾರದ ಮನೆಯಲ್ಲಿ ಮಕ್ಕಳ ಮೂಳೆಯನ್ನೂ ಮುದುಕಿಯ ಸೊಂಟವನ್ನೂ ಕಾಯುವುದು ರಾಗಿಯೇ.

ಮಂಡ್ಯದ ವಿಶ್ವೇಶ್ವರಯ್ಯ ಕಾಲುವೆ ಕ್ಷೇತ್ರದಲ್ಲಿ ದುಡಿದು ‘ರಾಗಿ ಬ್ರಹ್ಮ’ ಎಂದೇ ಹೆಸರಾದ ಲಕ್ಷ್ಮಣಯ್ಯನವರು ಆಫ್ರಿಕದ ರಾಗಿಯೊಡನೆ ನಮ್ಮ ರಾಗಿಯನ್ನು ಕೂಡಿಸಿ ‘ಇಂಡಾಫ್’ ತಳಿಗಳನ್ನು ಬೆಳೆಸಿಕೊಟ್ಟರು. ಮಳೆಯಾಶ್ರಯದ ಹೊಲದಲ್ಲಿ ಇಳುವರಿ ಏರಿದ್ದು ಅವರಂಥವರ ಶ್ರಮದಿಂದ. ರಾಗಿಯ ಮತ್ತೊಂದು ಗುಣವೆಂದರೆ ಬಾಳಿಕೆ. ಚೆನ್ನಾಗಿ ಒಣಗಿಸಿದ ಕಾಳಿಗೆ ಹುಳು ಹಿಡಿಯುವುದು ಅಪರೂಪ. ವರ್ಷದ ರಾಗಿಯನ್ನು ಸುಗ್ಗಿಯಲ್ಲಿ ಅಗ್ಗವಾಗಿರುವಾಗಲೇ ಕೊಂಡಿಡಬಹುದು. ಮೊಳಕೆ ಬರಿಸಿ, ಒಣಗಿಸಿ, ಹುರಿದು ಬೀಸಿದ ಹಿಟ್ಟು ಎಳೆಮಕ್ಕಳಿಗೆ ಅಂಗಡಿಯ ಡಬ್ಬಿಯ ಆಹಾರಕ್ಕಿಂತ ಎಷ್ಟೋ ಅಗ್ಗ. ಅದಕ್ಕೆ ಹುರಿಗಡಲೆಯ ಹಿಟ್ಟನ್ನು ಸೇರಿಸಿದರೆ ಬಲವೂ ಹೆಚ್ಚುತ್ತದೆ.

ಹುರಿಗಡಲೆ ಕಡಲೆಕಾಯಿಗಳ ಜೋಡಿಗೆ ಮೈಸೂರಿನದೇ ಒಂದು ಇತಿಹಾಸವುಂಟು. 1950ರಲ್ಲಿ ಮೈಸೂರಿನಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದ ವಿಜ್ಞಾನಿಗಳು ಎಣ್ಣೆ ತೆಗೆದ ಕಡಲೆಕಾಯಿಯ ಹಿಟ್ಟು ಮೂರು ಪಾಲು, ಕಡಲೆಯ ಹಿಟ್ಟು ಒಂದು ಪಾಲು ಬೆರೆಸಿ ಬಡವರಿಗೆ ಒದಗುವ ಬಲದ ಹಿಟ್ಟೊಂದನ್ನು ಸಿದ್ಧಪಡಿಸಿದ್ದರು. ಮನೆಯಲ್ಲಿ ಅದರ ಸುಲಭ ರೂಪ ಶೇಂಗಾ ಚಟ್ನಿಪುಡಿ. ಧಾರವಾಡ, ವಿಜಯಪುರಗಳ ಕಡೆ ಅಗಸಿ, ಗುರೆಳ್ಳುಗಳ ಪುಡಿಯೂ ಜೊತೆಗಿರುತ್ತದೆ. ಪಲ್ಯವಿಲ್ಲದ ದಿನ ಒಂದು ಚಮಚ ಪುಡಿಯೂ ಒಂದಿಷ್ಟು ಮೊಸರೂ ಇದ್ದರೆ ರೊಟ್ಟಿಯ ಊಟ ಬರಿಯ ಪಿಷ್ಟದ ಊಟವಾಗುವುದಿಲ್ಲ. ಬೂಷ್ಟು ಹಿಡಿದ ಕಡಲೆಕಾಯಿಯನ್ನು ಮಾತ್ರ ಅಗ್ಗವೆಂದು ತರಕೂಡದು. ಅದರಲ್ಲಿ ಯಕೃತ್ತಿಗೆ ಮಾರಕವಾದ ವಿಷ ಇರಬಹುದು.

ಒಂದೇ ಬೇಯಿಸುವಿಕೆ, ಎರಡು ಅಡಿಗೆ

ಹಳೆಯ ಮೈಸೂರಿನ ಬಸ್ಸಾರನ್ನು ನೆನೆದುಕೊಳ್ಳಿ. ಸೊಪ್ಪನ್ನೂ ಕಾಳನ್ನೂ ಒಂದೇ ಪಾತ್ರೆಯಲ್ಲಿ ಬೇಯಿಸಿ, ಬಸಿದ ನೀರಿಗೆ ಖಾರ ಅರೆದು ಹಾಕಿದರೆ ಸಾರು. ಉಳಿದ ಸೊಪ್ಪುಕಾಳಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಒಂದೇ ಉರಿ, ಎರಡು ಅಡಿಗೆ. ಬೇಯುವಾಗ ನೀರಿಗಿಳಿದ ಸತ್ವವೆಲ್ಲ ಬಚ್ಚಲಿಗೆ ಹೋಗದೆ ತಟ್ಟೆಗೇ ಬರುತ್ತದೆ. ಮಿತವ್ಯಯವೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಬೆರಕೆಸೊಪ್ಪಿನ ವಿಷಯವೂ ಹಾಗೆಯೇ. ಅಣ್ಣೆಸೊಪ್ಪು, ಗಣಿಕೆಸೊಪ್ಪು, ಹೊನಗೊನ್ನೆ ಇವೆಲ್ಲ ಹೊಲದ ಬದುವಿನಲ್ಲಿ ಬಿತ್ತದೆ ಬೆಳೆಯುತ್ತವೆ. ಗುರುತು ಬಲ್ಲ ಹಿರಿಯರ ಜೊತೆಯಲ್ಲಿ ಕಿತ್ತು ತರಬೇಕು. ಪಟ್ಟಣದವರಿಗೆ ಹಿತ್ತಿಲಲ್ಲೊಂದು ನುಗ್ಗೆಯ ಮರವಿದ್ದರೆ ಸಾಕು; ನುಗ್ಗೆಸೊಪ್ಪಿನಲ್ಲಿ ಸುಣ್ಣದ ಅಂಶ ನೂರು ಗ್ರಾಮಿಗೆ 300 ಮಿಲಿಗ್ರಾಮಿಗೂ ಮೇಲೆ. ಮಲೆನಾಡಿನ ಒಂದೆಲಗ, ದೊಡ್ಡಪತ್ರೆಗಳ ತಂಬುಳಿಗೆ ಬೇಕಾದದ್ದು ನಾಲ್ಕು ಎಲೆ, ಒಂದು ಲೋಟ ಮಜ್ಜಿಗೆ. ಹೀರೆಕಾಯಿಯ ಸಿಪ್ಪೆ ಚಟ್ನಿಯಾಗುತ್ತದೆ. ಕಲ್ಲಂಗಡಿಯ ಬಿಳಿಭಾಗ ದೋಸೆಯ ಹಿಟ್ಟಿಗೆ ಸೇರುತ್ತದೆ. ಬಾಳೆಯ ದಿಂಡು ಪಲ್ಯಕ್ಕೆ ಒದಗುತ್ತದೆ. ಹಲಸಿನ ಬೀಜ ಮಳೆಗಾಲದ ಸಾರಿಗೆ ಕಾದಿರುತ್ತದೆ.

ಕಾಳುಗಳನ್ನು ಹಿಂದಿನ ರಾತ್ರಿಯೇ ನೆನೆಹಾಕಿದರೆ ಬೇಗ ಬೇಯುತ್ತವೆ, ಗ್ಯಾಸು ಉಳಿಯುತ್ತದೆ. ಮೊಳಕೆ ಬರಿಸಿದರೆ ಒಣಕಾಳಿನಲ್ಲಿ ಇಲ್ಲದ ‘ಸಿ’ ಜೀವಸತ್ವ ಹುಟ್ಟಿಕೊಳ್ಳುತ್ತದೆ.

ಕೊಳ್ಳುವ ಜಾಣ್ಮೆ

ದಿನಗೂಲಿಯವರು ದಿನದ ಸಾಮಾನನ್ನು ದಿನವೇ ಕೊಳ್ಳುತ್ತಾರೆ. ಐವತ್ತು ಗ್ರಾಂ ಎಣ್ಣೆ, ಐದು ರೂಪಾಯಿಯ ಸಾರಿನಪುಡಿ, ಕಾಲು ಕೆ.ಜಿ. ಬೇಳೆ. ಚಿಕ್ಕ ಪೊಟ್ಟಣದಲ್ಲಿ ಗ್ರಾಮಿಗೆ ಬೀಳುವ ಬೆಲೆ ಸಾಮಾನ್ಯವಾಗಿ ಹೆಚ್ಚು. ಬಡವರು ಅದೇ ಬೇಳೆಗೆ ಉಳ್ಳವರಿಗಿಂತ ಹೆಚ್ಚು ಹಣ ತೆರುವಂತಾಗುವುದು ಹೀಗೆ. ಇದಕ್ಕೆ ಒಂಟಿಯಾಗಿ ಪರಿಹಾರವಿಲ್ಲ, ಕೂಡಿದರೆ ಉಂಟು. ನಾಲ್ಕು ಮನೆಯವರು ಸೇರಿ ವಾರಕ್ಕೊಂದಿಷ್ಟು ಕೂಡಿಹಾಕಿ, ಮಂಡಿಯಲ್ಲಿ ಒಂದು ಮೂಟೆ ಕಾಳು ಕೊಂಡು ಹಂಚಿಕೊಳ್ಳಬಹುದು. 2000ದಲ್ಲಿ ಆರಂಭವಾದ ಸ್ತ್ರೀಶಕ್ತಿ ಯೋಜನೆಯ ಗುಂಪುಗಳು ಎಷ್ಟೋ ಹಳ್ಳಿಗಳಲ್ಲಿವೆ. ಸಾಲ ತೀರುವಳಿಯ ಜೊತೆಗೆ ಈ ಕೆಲಸವನ್ನೂ ಅವು ಕೈಗೊಳ್ಳಬಹುದು.

ಕಾಲವನ್ನು ನೋಡಿ ಕೊಳ್ಳುವುದು ಎರಡನೆಯ ಸೂತ್ರ. 2023ರ ಜುಲೈಯಲ್ಲಿ ಟೊಮೇಟೊ ಕೆ.ಜಿ.ಗೆ ನೂರು ರೂಪಾಯಿ ದಾಟಿತು. ಬೇರೆ ವರ್ಷಗಳಲ್ಲಿ ಅದೇ ಟೊಮೇಟೊವನ್ನು ಬೆಲೆಯಿಲ್ಲವೆಂದು ರೈತರು ರಸ್ತೆಗೆ ಸುರಿದದ್ದೂ ಉಂಟು. ಸಾರಿಗೆ ಬೇಕಾದದ್ದು ಹುಳಿ. ಹುಣಿಸೆ ವರ್ಷವಿಡೀ ಡಬ್ಬಿಯಲ್ಲಿರುತ್ತದೆ. ಬೇಸಗೆಯಲ್ಲಿ ಮಾವಿನಕಾಯಿ, ಮಳೆಗಾಲದಲ್ಲಿ ಅಮಟೆಕಾಯಿ. ಅವರೆಕಾಯಿ ಮಾಗಿಯ ಚಳಿಯಲ್ಲಿ ರುಚಿ, ಅಗ್ಗ ಎರಡೂ ಹೌದು.

ನಮ್ಮ ಪಾಲು, ನಮ್ಮ ಹಕ್ಕು

2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯಿದೆಯಂತೆ ಆದ್ಯತಾ ಕುಟುಂಬದ ಪ್ರತಿಯೊಬ್ಬರಿಗೂ ತಿಂಗಳಿಗೆ 5 ಕೆ.ಜಿ., ಅಂತ್ಯೋದಯ ಕುಟುಂಬಕ್ಕೆ 35 ಕೆ.ಜಿ. ಧಾನ್ಯ ಸಲ್ಲಬೇಕು. ಅದೇ ವರ್ಷ ಕರ್ನಾಟಕದಲ್ಲಿ ಅನ್ನಭಾಗ್ಯವೂ ಬಂದಿತು. ಮೇಲೆ ಹೇಳಿದ ಐವರ ಮನೆಗೆ 25 ಕೆ.ಜಿ. ಧಾನ್ಯ ಹೀಗೆ ಬಂದರೆ ಅದು ತಿಂಗಳ ಅಗತ್ಯದ ಅರ್ಧಕ್ಕಿಂತ ಹೆಚ್ಚು. ಆದ್ದರಿಂದ ಮದುವೆಯಾಗಿ ಬಂದ ಸೊಸೆಯ, ಹುಟ್ಟಿದ ಮಗುವಿನ ಹೆಸರನ್ನು ಚೀಟಿಗೆ ಸೇರಿಸಲು ತಡಮಾಡಬಾರದು. ಬಿಟ್ಟುಹೋದ ಒಂದು ಹೆಸರೆಂದರೆ ವರ್ಷಕ್ಕೆ 60 ಕೆ.ಜಿ. ಧಾನ್ಯ ಬಿಟ್ಟುಕೊಟ್ಟಂತೆ.

ಇನ್ನೊಂದು ತಪ್ಪುಕಲ್ಪನೆಯನ್ನು ತೊಡೆಯಬೇಕಾಗಿದೆ. 2024ರ ಮಾರ್ಚಿನ ಹೊತ್ತಿಗೆ ದೇಶದಾದ್ಯಂತ ಪಡಿತರದಲ್ಲಿ ಸಾರವರ್ಧಿತ ಅಕ್ಕಿಯನ್ನು ಹಂಚಲಾಯಿತು. ಕಬ್ಬಿಣ, ಫೋಲಿಕ್ ಆಮ್ಲ, ಬಿ-12 ಸೇರಿಸಿ ಅಚ್ಚುಹಾಕಿದ ಒಂದು ಕಾಳನ್ನು ನೂರು ಸಾಧಾರಣ ಕಾಳಿಗೆ ಒಂದರಂತೆ ಅದರಲ್ಲಿ ಬೆರೆಸಿರುತ್ತಾರೆ. ಬಣ್ಣ ಬೇರೆಯಾಗಿ ಕಂಡ ಆ ಕಾಳುಗಳನ್ನು ‘ಪ್ಲಾಸ್ಟಿಕ್ ಅಕ್ಕಿ’ಯೆಂದು ಅನೇಕರು ಆರಿಸಿ ಎಸೆದರು. ಎಸೆದದ್ದು ಪ್ಲಾಸ್ಟಿಕ್ಕನ್ನಲ್ಲ, ರಕ್ತಕ್ಕೆ ಬೇಕಾದ ಕಬ್ಬಿಣವನ್ನು. ಅಂಥ ಅಕ್ಕಿ ಬಂದಾಗ ಆರಿಸದೆ, ಹೆಚ್ಚು ತೊಳೆಯದೆ, ಗಂಜಿ ಬಸಿಯದೆ ಮಾಡುವುದೇ ಸರಿ.

ಅಂಗನವಾಡಿಯಲ್ಲಿ ಬಸುರಿ ಬಾಣಂತಿಯರಿಗೆ ದೊರೆಯುವ ಮಧ್ಯಾಹ್ನದ ಬಿಸಿಯೂಟದ ಮಾತೃಪೂರ್ಣ ಯೋಜನೆ 2017ರ ಅಕ್ಟೋಬರಿನಲ್ಲಿ ಆರಂಭವಾಯಿತು. ಶಾಲೆಯ ಮಕ್ಕಳಿಗೆ ಬಿಸಿಯೂಟವೂ ಹಾಲೂ ಇವೆ. ಇವನ್ನು ಪಡೆಯುವುದು ಮರ್ಯಾದೆಗೆ ಕುಂದೆಂದು ಹಿಂಜರಿಯುವವರಿದ್ದಾರೆ. ಇದು ಭಿಕ್ಷೆಯಲ್ಲ, ನಾವೆಲ್ಲ ತೆತ್ತ ತೆರಿಗೆಯಿಂದ ನಮಗೇ ಬಂದ ಪಾಲು.

ಕೊನೆಯ ತಟ್ಟೆ

ಈಗ ಮೊದಲಿನ ಪ್ರಶ್ನೆಗೆ ಬರೋಣ: ಕಾಲು ಮಡಿಸಿಕೊಳ್ಳಬೇಕಾದವರು ಯಾರು? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಕಂಡುಬಂತು. ಗಂಡಸರಲ್ಲಿ ನೂರಕ್ಕೆ 25. ಕರ್ನಾಟಕದ ಹೆಂಗಸರಲ್ಲಿ ನೂರಕ್ಕೆ ಸುಮಾರು 48. ಹೆಣ್ಣಿನ ದೇಹಕ್ಕೆ ತಿಂಗಳ ಸ್ರಾವದಿಂದ, ಬಸಿರು ಬಾಣಂತನಗಳಿಂದ ಕಬ್ಬಿಣ ಹೆಚ್ಚು ಬೇಕು. ಹೆಚ್ಚು ಬೇಕಾದವಳ ತಟ್ಟೆಗೇ ಕಡಿಮೆ ಬೀಳುವುದಾದರೆ ಮನೆಯ ಲೆಕ್ಕ ಎಲ್ಲಿ ಸರಿಹೋದಂತಾಯಿತು?

ಪರಿಹಾರಕ್ಕೆ ಹಣ ಬೇಕಿಲ್ಲ. ಅಡಿಗೆಯಾದೊಡನೆ ಎಲ್ಲರ ತಟ್ಟೆಗೂ ಒಟ್ಟಿಗೆ ಬಡಿಸಿಬಿಡುವುದು ಮೊದಲ ಮದ್ದು. ಒಟ್ಟಿಗೆ ಕೂರಲಾಗದಿದ್ದರೆ ಕಾಳಿನಲ್ಲಿಯೂ ಸೊಪ್ಪಿನಲ್ಲಿಯೂ ಅವಳ ಪಾಲನ್ನು ಮೊದಲೇ ತೆಗೆದಿಟ್ಟು ಮುಚ್ಚಿರಬೇಕು. ಊಟಕ್ಕೆ ಒಂದು ಹೋಳು ನಿಂಬೆ ಹಿಂಡಿಕೊಂಡರೆ ಸೊಪ್ಪುಕಾಳಿನ ಕಬ್ಬಿಣ ಮೈಗೆ ಚೆನ್ನಾಗಿ ಹಿಡಿಯುತ್ತದೆ. ಊಟದ ಹಿಂದೆಯೇ ಕುಡಿದ ಚಹಾ ಅದನ್ನು ತಡೆಯುತ್ತದೆ. ಚಹಾಕ್ಕೆ ಒಂದು ಗಂಟೆ ಕಾಯುವುದು ಕಷ್ಟವೇನಲ್ಲ. ಹೆಣ್ಣುಮಗಳಿಗೆ ಅಣ್ಣನಿಗಿಂತ ಒಂದು ಸೌಟು ಕಡಿಮೆ ಎಂಬ ರೂಢಿಯಿರುವ ಮನೆಯಲ್ಲಿ ಆ ಸೌಟನ್ನು ಇಂದೇ ಸರಿಮಾಡಬೇಕು.

ಬೆಲೆಯೇರಿಕೆಯನ್ನು ಗೃಹಿಣಿಯೊಬ್ಬಳು ತಡೆಯಲಾರಳು. ಕೂಲಿಯೇ ಸಾಲದ ಮನೆಗೆ ಯಾವ ಲೆಕ್ಕವೂ ಪೂರ್ತಿ ಪರಿಹಾರವಾಗದು. ಅದು ಸಮಾಜವೂ ಸರ್ಕಾರವೂ ಹೊರಬೇಕಾದ ಹೊಣೆ. ಆದರೆ ಇರುವ ಹಣ ಎಲ್ಲಿ ಬೀಳಬೇಕು, ಇರುವ ಅನ್ನ ಯಾರ ಯಾರಿಗೆ ಹೇಗೆ ಹಂಚಿಕೆಯಾಗಬೇಕು ಎಂಬುದು ನಮ್ಮ ಕೈಯಲ್ಲಿದೆ. ಮೂರನೆಯ ಕಾಳಿನ ಡಬ್ಬಿಗೆ ಇಂದೇ ಒಂದು ಗುರುತು ಹಾಕಿಡಿ. ತಿಂಗಳ ಕೊನೆಯ ರಾತ್ರಿಯೂ ಮನೆಯೊಡತಿಯ ತಟ್ಟೆಯಲ್ಲಿ ಉಳಿದವರ ತಟ್ಟೆಯಲ್ಲಿದ್ದಷ್ಟೇ ಗಟ್ಟಿಯಾದ ಸಾರು ಇದ್ದರೆ, ಆ ಸಂಸಾರ ಬಡತನದಲ್ಲಿಯೂ ಸೋತಿಲ್ಲವೆಂದೇ ತಿಳಿಯಬೇಕು.